ಹದಿನೇಳು ಜನರ ಚಿಟಿಕೆ

ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಮಾರುಕಟ್ಟೆಗೆ ಕಾಲಿಟ್ಟನೆಂದರೆ ತಕ್ಕಡಿಗಳ ಮುಳ್ಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ ಎಂದು ಅಂಗಡಿಯವರು ಆಡಿಕೊಳ್ಳುತ್ತಿದ್ದರು. ಅಂಗಡಿಯವರ ಮಾತು, ಒಂದಕ್ಕೆ ನಾಲ್ಕು ಸೇರಿರುತ್ತದೆ ಬಿಡಿ. ಆದರೆ ಮನುಷ್ಯ ಅಂಥವನೇ. ಯಾರ ಅಂಗಡಿಯಲ್ಲೂ ಒಂದು ಲೋಟ ನೀರು ಕುಡಿದವನಲ್ಲ. ಸ್ವಂತ ಚಿಕ್ಕಪ್ಪನ ಹಿಟ್ಟಿನ ಗಿರಣಿಗೆ ಎರಡು ಸಲ ಬೀಗ ಜಡಿದಿದ್ದ. ಮಗಳು ಹುಟ್ಟಿದ ದಿನ ಆಸ್ಪತ್ರೆಯವರು ಕೂಸಿನ ಕೈಗೆ ತೂಕದ ಚೀಟಿ ಕಟ್ಟಿದರೆ, ಇವನು ಮಗುವಿನ ಮುಖಕ್ಕಿಂತ ಮೊದಲು ಚೀಟಿ ನೋಡಿದ. ಇದು ನಂಬುವ ಮಾತಲ್ಲ ಎಂದು ಆಫೀಸಿನಿಂದ ತೂಕದ ಕಲ್ಲುಗಳ ಪೆಟ್ಟಿಗೆ ತರಿಸಿ, ಆಸ್ಪತ್ರೆಯ ತಕ್ಕಡಿಯನ್ನೇ ಪರೀಕ್ಷೆ ಮಾಡಿದ. ನಲವತ್ತು ಗ್ರಾಂ ವ್ಯತ್ಯಾಸ ಸಿಕ್ಕಿತು. ಹಳೆಯ ಚೀಟಿ ಬಿಚ್ಚಿ, ಸರಿಯಾದ ತೂಕ ಬರೆದು, ಸಹಿ ಹಾಕಿ, ತನ್ನ ಕೈಯಾರೆ ಕಟ್ಟಿದ. ಹೆಂಡತಿ ಆ ನೋವಿನಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಅವತ್ತಿನಿಂದ ಮಗುವಿಗೆ ‘ಚಟಾಕು’ ಎನ್ನುವ ಹೆಸರೇ ನಿಂತುಬಿಟ್ಟಿತು. ಅದು ಹಳೇ ಕಾಲದ ಒಂದು ಸಣ್ಣ ಅಳತೆ, ಮಗುವೂ ಅಷ್ಟೇ ಇತ್ತು.

ಹೆಂಡತಿಯ ಕೆಲಸವೂ ಅಳೆಯುವುದೇ. ಸಮುದ್ರದ ಆಳ ಅಳೆಯುವ ಹಡಗಿನಲ್ಲಿ ಅವಳು ಅಧಿಕಾರಿ. ಈ ಸಲ ಹಡಗು ಹೊರಟದ್ದು ಒಂದು ವರ್ಷಕ್ಕೆ. ಅಷ್ಟು ದಿನ ಒಂಬತ್ತು ವರ್ಷದ ಚಟಾಕು ಯಾರ ಹತ್ತಿರ ಇರಬೇಕು ಎನ್ನುವ ಪ್ರಶ್ನೆ ಬಂತು. ಅಪ್ಪನಿಗೆ ನೀರು ಕಾಯಿಸಲೂ ಬರುತ್ತಿರಲಿಲ್ಲ. ಒಮ್ಮೆ ಕಾಯಿಸಲು ಹೋಗಿ, ಆವಿಯಾಗಿ ಎಷ್ಟು ನೀರು ಕಳೆಯಿತು ಎಂದು ಲೆಕ್ಕ ಹಾಕುತ್ತ ಕೂತು ಪಾತ್ರೆಯ ತಳ ಸುಟ್ಟಿದ್ದ.

ಆಗ ಮಧ್ಯೆ ಬಂದವರು ಹೆಂಡತಿಯ ಅಕ್ಕ, ಅಂದರೆ ಚಟಾಕುವಿನ ದೊಡ್ಡಮ್ಮ. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಲ್ಲಿ ನೂರ ನಲವತ್ತು ಹುಡುಗಿಯರ ಹಾಸ್ಟೆಲಿಗೆ ಅವರು ವಾರ್ಡನ್. ಅವರು ಕೆಮ್ಮಿದರೆ ಮೂರನೇ ಮಹಡಿಯಲ್ಲಿ ದೀಪ ಆರುತ್ತಿತ್ತು.

“ನೋಡಿ, ವಾರವೆಲ್ಲ ಕ್ಯಾಂಟೀನಿಂದ ತರಿಸಿ, ಬ್ರೆಡ್ಡು ತಿನ್ನಿ, ನಾನು ಕೇಳಲ್ಲ,” ಎಂದರು ಅವರು. “ಭಾನುವಾರ ಮಧ್ಯಾಹ್ನ ಒಂದೇ ಒಂದು ಊಟ ಈ ಒಲೆ ಮೇಲೆ ನೀವೇ ಮಾಡ್ಬೇಕು. ಹನ್ನೆರಡು ಭಾನುವಾರ ಬರ್ತೀನಿ. ಕೊನೇ ನಾಲ್ಕು ಭಾನುವಾರ ನನ್ನ ತಟ್ಟೆ ಖಾಲಿ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಮಗು ನನ್ನ ಜೊತೆ ಹಾಸ್ಟೆಲಿಗೆ ಬರುತ್ತೆ. ಅವರಮ್ಮ ವಾಪಸ್ ಬರೋವರೆಗೂ ಅಲ್ಲೇ.”

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಬೇಡಿಕೊಳ್ಳುತ್ತಿದ್ದರು, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದರು. ನಮ್ಮ ಇನ್ಸ್‌ಪೆಕ್ಟರ್ ಕೇಳಿದ್ದು ಒಂದೇ.

“ಖಾಲಿ ಅಂದ್ರೆ ಎಷ್ಟು ಅಕ್ಕ?”

ದೊಡ್ಡಮ್ಮ ಅವನ ಮುಖವನ್ನೇ ನೋಡಿದರು. ಕೊನೆಗೆ ಮೂವರೂ ಕೂತು, ಖಾಲಿ ಎಂದರೆ ತಟ್ಟೆಯಲ್ಲಿ ಹತ್ತು ಗ್ರಾಂಗಿಂತ ಕಡಿಮೆ ಉಳಿದಿರುವುದು ಎಂದು ಕಾಗದದಲ್ಲಿ ಬರೆದು ಸಹಿ ಹಾಕಿದರು. ಚಟಾಕು ಸಾಕ್ಷಿಯಾಗಿ ಸಹಿ ಮಾಡಿದಳು. ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆಯುವುದನ್ನು ಅಪ್ಪ ನೋಡಿದ. ಅವಳಿಲ್ಲದ ಮನೆಯಲ್ಲಿ ಒಂದು ವರ್ಷ ಇರುವುದು ತನ್ನಿಂದ ಆಗದ ಮಾತು ಎಂದು ಅವನಿಗೆ ಆಗಲೇ ಗೊತ್ತಿತ್ತು. ಆದರೆ ಅದನ್ನು ಹೇಳಿಕೊಳ್ಳುವ ನಮೂನೆ ಅವನ ಇಲಾಖೆಯಲ್ಲಿ ಇರಲಿಲ್ಲ.

ಅಡುಗೆಮನೆಯ ಕಪಾಟಿನಲ್ಲಿ ಹೆಂಡತಿ ಬರೆದಿಟ್ಟ ಅಡುಗೆ ಪುಸ್ತಕವಿತ್ತು. ಮೊದಲ ಭಾನುವಾರ ಬೆಳಿಗ್ಗೆ ಅದನ್ನು ತೆರೆದವನು ಗೋಡೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತ. ಉಪ್ಪು, ರುಚಿಗೆ ತಕ್ಕಷ್ಟು. ಮೆಣಸಿನ ಪುಡಿ, ಒಂದು ಚಿಟಿಕೆ. ಬಟಾಣಿ, ಒಂದು ಹಿಡಿ. ಈರುಳ್ಳಿ, ಹೊಂಬಣ್ಣ ಬರುವವರೆಗೆ. ನೀರು, ಬೇಕಾದಷ್ಟು. ಕಡಲಿನ ತಳವನ್ನು ಅಂಗುಲ ಬಿಡದೆ ಅಳೆಯುವ ಹೆಂಗಸು ಮನೆಯಲ್ಲಿ ಹತ್ತು ವರ್ಷ ಈ ಅವ್ಯವಹಾರ ನಡೆಸಿದ್ದಳು. ಅವನು ಅದನ್ನು ದಿನಕ್ಕೆ ಎರಡು ಹೊತ್ತು ಚಪ್ಪರಿಸಿ ತಿಂದಿದ್ದ.

ಆ ದಿನ ಮಾಡಿದ್ದು ಆಲೂಗಡ್ಡೆ, ಬಟಾಣಿ ಹಾಕಿದ ಗಟ್ಟಿ ಸೂಪು. ಮಾಡಿದ್ದು ಎನ್ನುವುದಕ್ಕಿಂತ ಆದದ್ದು ಎಂದರೆ ಸರಿ. ಒಲೆಯ ಪಕ್ಕದಲ್ಲೇ ಅಡುಗೆಮನೆಯ ಮುಳ್ಳಿನ ತಕ್ಕಡಿ ಇಟ್ಟುಕೊಂಡಿದ್ದ. ಅದಕ್ಕೆ ಇಲಾಖೆಯ ಮುದ್ರೆ ಒತ್ತಿದ್ದವನೂ ತಾನೇ. ಸೂಪು ಉಕ್ಕಿ ಒಲೆ ದಾಟಿ, ತಕ್ಕಡಿಯ ಮೈಮೇಲೆ ಹರಿದು ನೆಲಕ್ಕಿಳಿಯಿತು. ಅಪ್ಪ ಮಗಳು ಸೇರಿ ಹೊರಗೆಲ್ಲ ಒರೆಸಿದರು. ಅಳಿದುಳಿದದ್ದನ್ನು ತೂಕ ಮಾಡಿ, ದೊಡ್ಡಮ್ಮನ ತಟ್ಟೆಗೆ ಸರಿಯಾಗಿ ಆರುನೂರು ಗ್ರಾಂ ಬಡಿಸಿದರು. ದೊಡ್ಡಮ್ಮ ಒಂದು ಚಮಚ ಬಾಯಿಗಿಟ್ಟು, ಕಿಟಕಿಯ ಕಡೆ ತಿರುಗಿ, ತುಂಬಾ ಹೊತ್ತು ಹೊರಗೆ ನೋಡಿದರು. ಕಿಟಕಿಯಾಚೆ ಎದುರು ಮನೆಯ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವರು ಕೈ ತೊಳೆಯಲು ಎದ್ದ ಕೂಡಲೇ ಇವನು ತಟ್ಟೆಯನ್ನು ತಕ್ಕಡಿಗಿಟ್ಟ. ಉಳಿದದ್ದು ಐನೂರ ಎಂಬತ್ತೆಂಟು ಗ್ರಾಂ. ಮಗಳ ಕೈಯಲ್ಲಿ ಬರೆಸಿದ. ಇಲಾಖೆಯ ಪರೀಕ್ಷಾ ನಮೂನೆಯನ್ನು ಮನೆಗೆ ತರುವ ಜಾತಿಯವನಲ್ಲ ಅವನು, ಸರ್ಕಾರದ ಕಾಗದ. ಹಾಗಾಗಿ ಪ್ರತಿ ವಾರ ಚಟಾಕು ತನ್ನ ಶಾಲೆಯ ಹಾಳೆಯಲ್ಲಿ ಇಡೀ ನಮೂನೆಯನ್ನು ಕೈಯಲ್ಲೇ ನಕಲು ಮಾಡಬೇಕಿತ್ತು. ಹಿಂಬದಿಯ ಸಣ್ಣಕ್ಷರದ ಷರತ್ತುಗಳನ್ನೂ ಬಿಡದೆ. ‘ತಕ್ಕಡಿಯೇ ದೋಷಯುಕ್ತವೆಂದು ಕಂಡುಬಂದಲ್ಲಿ ಸದರಿ ಪರೀಕ್ಷೆ ಅಸಿಂಧುವಾಗತಕ್ಕದ್ದು’ ಎನ್ನುವಂಥವು. ಪಾಪದ ಕೂಸು, ನಾಲಗೆ ಹೊರಗಿಟ್ಟುಕೊಂಡು ದುಂಡಗೆ ಬರೆಯುತ್ತಿತ್ತು.

ಎರಡನೇ ವಾರದ ಹೊತ್ತಿಗೆ ಇನ್ಸ್‌ಪೆಕ್ಟರ್ ಚಿಟಿಕೆಯ ವಿಚಾರವನ್ನು ಕೈಗೆತ್ತಿಕೊಂಡಿದ್ದ. ಒಂದು ಚಿಟಿಕೆ ಎಂದರೆ ಎಷ್ಟು? ತನ್ನ ಚಿಟಿಕೆಯನ್ನು ನಂಬುವ ಹಾಗಿರಲಿಲ್ಲ, ತಾನೇ ಕಕ್ಷಿದಾರ. ಅದಕ್ಕೇ ಒಂದು ಬಟ್ಟಲು ಮೆಣಸಿನ ಪುಡಿ ಹಿಡಿದು, ಆಫೀಸಿಗೆ ಹೋಗುವ ದಾರಿಯಲ್ಲಿ ಸಿಕ್ಕವರ ಚಿಟಿಕೆಯನ್ನೆಲ್ಲ ಪೊಟ್ಟಣ ಕಟ್ಟಿ, ಅಕ್ಕಸಾಲಿಯ ಚಿನ್ನದ ತಕ್ಕಡಿಯಲ್ಲಿ ತೂಗಿಸಿಕೊಂಡ. ಕ್ಷೌರದವನು ಗತ್ತಿನಿಂದ ಧಾರಾಳವಾಗಿ ಕೊಟ್ಟ. ದರ್ಜಿ ಸೂಜಿ ಹಿಡಿಯುವವನು, ಅವನ ಚಿಟಿಕೆ ಕಣ್ಣಿಗೆ ಕಾಣಲಿಲ್ಲ. ಅಂಚೆಯವನು ಪುಡಿ ಮುಟ್ಟಿ ಮರೆತು ಕಣ್ಣುಜ್ಜಿಕೊಂಡು, ಆ ದಿನ ಮೂರು ಬೀದಿಗಳ ಕಾಗದಗಳನ್ನು ಒಂದೇ ಮನೆಗೆ ಹಾಕಿದ. ಬಸ್ಸಿನ ಕಂಡಕ್ಟರು ಚಿಟಿಕೆ ಕೊಡುವ ಮೊದಲು ವಕೀಲರನ್ನು ಕೇಳಬೇಕು ಎಂದ. ಅವನ ಚಿಟಿಕೆ ಕೊನೆಗೂ ಸಿಗಲಿಲ್ಲ. ಒಟ್ಟು ಹದಿನೇಳು ಜನ. ಸರಾಸರಿ ಒಂದು ಗ್ರಾಂನ ಐದರಲ್ಲಿ ಎರಡು ಪಾಲು. ಅಷ್ಟು ತೂಕದ ಹಿತ್ತಾಳೆ ತುಣುಕೊಂದನ್ನು ಅರದಲ್ಲಿ ಉಜ್ಜಿ ಮಾಡಿ, ಹತ್ತಿಯಲ್ಲಿ ಸುತ್ತಿ, ಬೆಂಕಿಪೆಟ್ಟಿಗೆಯಲ್ಲಿಟ್ಟು, ಮೇಲೆ ‘ಚಿಟಿಕೆ’ ಎಂದು ಬರೆದ.

ಹೊಂಬಣ್ಣಕ್ಕೆ ಬಣ್ಣದ ಅಂಗಡಿಗೆ ಹೋದ. ಗೋಡೆಗೆ ಬಳಿಯುವ ಬಣ್ಣಗಳ ಪಟ್ಟಿಯಲ್ಲಿ ಹಳದಿಯಿಂದ ಕಂದಿನವರೆಗೆ ಅರವತ್ತು ಚೌಕಗಳಿದ್ದವು. ಹೆಂಡತಿಗೆ ಹಡಗಿಗೆ ಸಂದೇಶ ಕಳಿಸಿ, ನಿನ್ನ ಈರುಳ್ಳಿ ಎಷ್ಟನೇ ನಂಬರ್ ಎಂದು ಕೇಳಿದ. ಮೂರು ದಿನದ ನಂತರ ಉತ್ತರ ಬಂತು: ‘ಒಳ್ಳೇ ವಾಸನೆ ಬರೋ ನಂಬರ್.’ ಇದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಕೊನೆಗೆ ಬಣ್ಣದ ಅಂಗಡಿಯವನೇ ನಲವತ್ತೇಳನ್ನು ಆರಿಸಿಕೊಟ್ಟ. “ನಡುಮನೆಗೆ ಚೆನ್ನಾಗಿ ಕಾಣುತ್ತೆ ಸಾರ್,” ಎಂದ. ಅಂದಿನಿಂದ ಚಟಾಕು ಬಾಣಲೆಯ ಪಕ್ಕದಲ್ಲಿ ಪಟ್ಟಿ ಹಿಡಿದು ನಿಂತು, “ಮೂವತ್ತೆಂಟು ಅಪ್ಪ, ನಲವತ್ತೊಂದು ಅಪ್ಪ, ಈ ಒಂದು ಚೂರು ಮಾತ್ರ ಐವತ್ತು,” ಎಂದು ಕೂಗುವುದು ರೂಢಿಯಾಯಿತು.

ಇಷ್ಟೆಲ್ಲ ಮಾಡಿ ಎರಡನೇ ಭಾನುವಾರ ಉಳಿದದ್ದು ಐನೂರ ಎಪ್ಪತ್ತೊಂದು ಗ್ರಾಂ. ಮೊದಲಿಗಿಂತ ಹದಿನೇಳು ಗ್ರಾಂ ಕಡಿಮೆ.

ಒಂದು ಕೆಲಸವನ್ನು ಮಾತ್ರ ಅವನು ಮಾಡುತ್ತಿರಲಿಲ್ಲ. ರುಚಿ ನೋಡುತ್ತಿರಲಿಲ್ಲ.

“ಅಪ್ಪ, ಒಂದು ಸಲ ನೆಕ್ಕಿ ನೋಡು, ಏನಾಗುತ್ತೆ,” ಎಂದಳು ಚಟಾಕು.

“ಪರೀಕ್ಷೆಗೆ ಹೋಗೋ ಮಾಲನ್ನ ನಾನೇ ಮುಟ್ಟಿದ್ರೆ ಅದು ಸಾಕ್ಷ್ಯ ಕೆಡಿಸಿದ ಹಾಗೆ ಪುಟ್ಟ. ಮೊದಲು ಅಧಿಕೃತ ವ್ಯಕ್ತಿ ತಿನ್ನಬೇಕು.”

ಅಧಿಕೃತ ವ್ಯಕ್ತಿ ತಿಂದು ಎದ್ದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಅಪ್ಪ ಮಗಳು ತಿನ್ನುತ್ತಿದ್ದರು. ಅಷ್ಟರಲ್ಲಿ ಅದು ಆರಿ, ಬೇರೆಯೇ ಪದಾರ್ಥವಾಗಿರುತ್ತಿತ್ತು.

ಐದನೇ ವಾರ ಕುದಿಯುತ್ತಿದ್ದ ಸೂಪಿನಿಂದ ಒಂದು ಹನಿ ಚಿಮ್ಮಿ ಅವನ ತುಟಿಗೆ ಬಿತ್ತು. ಬಿಸಿಗೆ ಗಾಬರಿಯಾಗಿ ನಾಲಗೆ ಸವರಿದ. ಸವರಿದವನು ಹಾಗೇ ನಿಂತ. ಅದರಲ್ಲಿ ಉಪ್ಪೇ ಇರಲಿಲ್ಲ. ತಕ್ಕಡಿ ನೋಡಿದರೆ ಉಪ್ಪು ಕರಾರುವಾಕ್ಕಾಗಿ ಬಿದ್ದಿತ್ತು. ಆಚೆ ಈಚೆ ನೋಡಿ, ಇನ್ನಷ್ಟು ಉಪ್ಪು ಎತ್ತಿ ಹಾಕಿ, ಮಗಳಿಗೆ ಒಂದು ಸಂಖ್ಯೆ ಹೇಳಿದ. ನಮೂನೆಯಲ್ಲಿ ‘ಆಕಸ್ಮಿಕ: ಒಂದು’ ಎಂದು ಬರೆಸಿದ. ಆರನೇ ವಾರ ಆಕಸ್ಮಿಕ ಮೂರಾಯಿತು. ಏಳನೇ ವಾರ ಅವನು ಪಾತ್ರೆಯ ಮೇಲೆ ಬಗ್ಗಿ, ಹನಿ ಯಾವಾಗ ಚಿಮ್ಮುತ್ತದೆ ಎಂದು ತುಟಿ ಒಡ್ಡಿಕೊಂಡೇ ನಿಂತಿರುತ್ತಿದ್ದ.

ಉಳಿಕೆಯ ಲೆಕ್ಕವಂತೂ ಕಣ್ಣಿಗೆ ಹಬ್ಬ. ಮೂರನೇ ವಾರ ನಾನೂರ ಎರಡು ಗ್ರಾಂ. ಐದನೇ ವಾರ ಇನ್ನೂರ ಎಪ್ಪತ್ತು. ಎಂಟಕ್ಕೆ ಅರವತ್ತು. ಗೋಡೆಯ ಮೇಲೆ ಚಟಾಕು ಬರೆದ ಗೆರೆ ಜಾರುಬಂಡಿಯ ಹಾಗೆ ಇಳಿಯುತ್ತಿತ್ತು. ದೊಡ್ಡಮ್ಮ ಬಾಯಿಬಿಟ್ಟು ಚೆನ್ನಾಗಿದೆ ಎಂದವರಲ್ಲ. ಹೆಗಲಲ್ಲಿ ಒಂದು ದೊಡ್ಡ ಚೀಲ ಹಾಕಿಕೊಂಡು ಬರುವರು, ಊಟದ ಮಧ್ಯೆ, “ಸ್ವಲ್ಪ ನೀರು ತರ್ತೀರಾ,” ಎಂದು ಇವನನ್ನು ಒಳಗೆ ಕಳಿಸುವರು, ಬಂದು ನೋಡಿದರೆ ತಟ್ಟೆ ಅರ್ಧ ಇಳಿದಿರುವುದು. ಅಷ್ಟು ಬೇಗ ತಿನ್ನುವ ಹಸಿವು ಅವರಿಗೆ ಬಂದದ್ದು ತನ್ನ ಅಡುಗೆಯಿಂದ ಎಂದು ಅವನ ಎದೆ ಉಬ್ಬುತ್ತಿತ್ತು. ಹೊರಡುವಾಗ ಚಟಾಕು ಆ ಚೀಲವನ್ನು ಎರಡೂ ಕೈಯಲ್ಲಿ, ನೆಟ್ಟಗೆ ಹಿಡಿದುಕೊಂಡು ಬಸ್‌ ನಿಲ್ದಾಣದವರೆಗೆ ಹೋಗಿ ಬರುತ್ತಿದ್ದಳು.

ಒಂದು ಸಲ ಧೈರ್ಯ ಬಂದರೆ ಮನುಷ್ಯನ ಕೈಯೇ ಬೇರೆಯಾಗುತ್ತದೆ. ಆಫೀಸಿನಲ್ಲಿ ಅವನು ಟಿಫನ್‌ ಡಬ್ಬಿ ಬಿಚ್ಚಿದವರಿಗೆಲ್ಲ ಸಲಹೆ ಕೊಡತೊಡಗಿದ. ತರಕಾರಿಯವಳ ತಕ್ಕಡಿ ಪರೀಕ್ಷೆ ಮಾಡಲು ಹೋಗಿ, ಅದು ಬಿಟ್ಟು ಅವಳ ಕ್ಯಾರೆಟ್ಟನ್ನು ಮುರಿದು, ಸದ್ದು ಕೇಳಿ, “ಇದು ನಿನ್ನೆ ಕಿತ್ತಿದ್ದು,” ಎಂದ. ಅವಳು ಬೆಪ್ಪಾಗಿ ನಿಂತಳು. ಒಂಬತ್ತನೇ ಭಾನುವಾರ ತಟ್ಟೆಯಲ್ಲಿ ಉಳಿದದ್ದು ಎಂಟು ಗ್ರಾಂ. ಹತ್ತನೇ ವಾರ ಆರು. ಹನ್ನೊಂದಕ್ಕೆ ಒಂಬತ್ತು. ಇನ್ನೊಂದೇ ಒಂದು ಭಾನುವಾರ ದಾಟಿದರೆ ಚಟಾಕು ಮನೆಯಲ್ಲೇ ಇರುತ್ತಾಳೆ.

ಕೊನೆಯ ಪರೀಕ್ಷೆಯಲ್ಲಿ ಯಾರೂ ತಕರಾರು ತೆಗೆಯಬಾರದು ಎಂದು ಶನಿವಾರ ಮಧ್ಯಾಹ್ನ ಅವನು ಮೇಲಧಿಕಾರಿಗೆ ಅರ್ಜಿ ಕೊಟ್ಟು, ಇಲಾಖೆಯ ತೂಕದ ಕಲ್ಲುಗಳ ಪೆಟ್ಟಿಗೆಯನ್ನು ಮನೆಗೆ ತಂದ. ತಕ್ಕಡಿಯ ಮೇಲೆ ನೂರು ಗ್ರಾಂ ಕಲ್ಲಿಟ್ಟ. ಮುಳ್ಳು ಅರವತ್ತೈದು ತೋರಿಸಿತು. ತೆಗೆದು ಮತ್ತೆ ಇಟ್ಟ. ನೂರ ಇಪ್ಪತ್ತು ತೋರಿಸಿತು. ಮೂರನೇ ಸಲ ಮುಳ್ಳು ಯೋಚನೆ ಮಾಡುತ್ತ ಅಲ್ಲಾಡಿ, ಎಂಬತ್ತರ ಹತ್ತಿರ ಸುಸ್ತಾಗಿ ನಿಂತಿತು. ತಿರುಪು ಬಿಚ್ಚಿ ಒಳಗೆ ನೋಡಿದರೆ, ಮೊದಲ ಭಾನುವಾರದ ಸೂಪು ಸ್ಪ್ರಿಂಗಿನ ಸುರುಳಿಯೊಳಗೆಲ್ಲ ಇಳಿದು, ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಮಧ್ಯದಲ್ಲಿ ಒಂದು ಬಟಾಣಿ ಇಡಿಯಾಗಿಯೇ ಇತ್ತು.

ಊರಿನ ತಕ್ಕಡಿಗಳನ್ನೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದವನು, ತನ್ನ ಒಲೆಯ ಪಕ್ಕದ್ದನ್ನು ಹನ್ನೊಂದು ವಾರ ನೋಡಿರಲಿಲ್ಲ. ಮುದ್ರೆ ಒತ್ತಿದವನು ತಾನೇ ಎನ್ನುವ ಸೊಕ್ಕು.

“ಅಪ್ಪ, ತೊಳೆದುಬಿಡೋಣ,” ಎಂದಳು ಚಟಾಕು ಮೆಲ್ಲಗೆ. “ನಾನು ಯಾರಿಗೂ ಹೇಳಲ್ಲ.”

“ಬರ್ಕೋ,” ಎಂದ ಅಪ್ಪ.

ಅವನು ಹೇಳಿದ, ಅವಳು ಬರೆದಳು. ದೋಷಯುಕ್ತ ತಕ್ಕಡಿ ಇಟ್ಟುಕೊಂಡ ಮನೆಯಾತನ ಮೇಲೆ ದೂರು. ಅಧಿಕಾರಿಯ ಜಾಗದಲ್ಲಿ ಅವನ ಸಹಿ, ಆರೋಪಿಯ ಜಾಗದಲ್ಲೂ ಅವನದೇ. ತಕ್ಕಡಿಗೆ ದಾರ ಸುತ್ತಿ, ಅರಗು ಹಾಕಿ, ಜಪ್ತಿ ಚೀಟಿ ಕಟ್ಟಿ ಕಪಾಟಿನ ಮೇಲಿಟ್ಟ. ದೂರಿನ ಪ್ರತಿಯನ್ನು ನಿಯಮದ ಪ್ರಕಾರ ಎಲ್ಲರಿಗೂ ಕಾಣುವಂತೆ ಅಡುಗೆಮನೆಯ ಗೋಡೆಗೆ ಅಂಟಿಸಿದ. ಆಮೇಲೆ ಸ್ಟೂಲಿನ ಮೇಲೆ ಕೂತು, “ನಾಳೆ ಹ್ಯಾಗೆ ಮಾಡ್ಲಿ ಪುಟ್ಟ, ನಂಗೆ ಕೈಕಾಲೇ ಆಡ್ತಿಲ್ಲ,” ಎಂದ.

“ನೀನು ಮುಳ್ಳು ನೋಡೋದು ಬಿಟ್ಟು ತುಂಬಾ ವಾರ ಆಯ್ತಲ್ಲ ಅಪ್ಪ,” ಎಂದಳು ಅವಳು.

“ಯಾರು ಹೇಳಿದ್ದು?”

“ನಾನು ಪಕ್ಕದಲ್ಲೇ ನಿಂತಿರ್ತೀನಲ್ಲ. ನೀನು ಮೊದಲು ಕೈಯಲ್ಲಿ ಹಾಕ್ತೀಯ. ಆಮೇಲೆ ನಂಗೆ ಬರ್ಕೊಳ್ಳೋಕೆ ಒಂದು ನಂಬರ್ ಹೇಳ್ತೀಯ. ಚಿಟಿಕೆ ಇಟ್ಟಿರೋ ಬೆಂಕಿಪೆಟ್ಟಿಗೆ ಕಳೆದುಹೋಗಿ ಮೂರು ವಾರ ಆಯ್ತು. ನೀನು ಕೇಳಲೇ ಇಲ್ಲ.”

ಅವನು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ, ಯಾರೋ ಬೇರೆಯವರ ಕೈ ನೋಡುವ ಹಾಗೆ.

ಭಾನುವಾರ ಅವನು ಅಳೆಯಲಿಲ್ಲ. ಅಳೆಯುವ ವಸ್ತು ಜಪ್ತಿಯಾಗಿತ್ತು. ಈರುಳ್ಳಿ ಹುರಿಯುವಾಗ ಚಟಾಕು ಬಣ್ಣದ ಪಟ್ಟಿ ತಂದರೆ ಬೇಡ ಎಂದು ತಲೆಯಾಡಿಸಿ, ಮೂಗರಳಿಸಿ ನಿಂತ. ಒಳ್ಳೇ ವಾಸನೆ ಬರೋ ನಂಬರ್ ಬಂದ ಕೂಡಲೇ ಉರಿ ತಗ್ಗಿಸಿದ. ಬಟಾಣಿ ಸುರಿದ, ಆಲೂಗಡ್ಡೆ ಹಾಕಿದ, ನೀರು ಬಿಟ್ಟ, ಸಾಕೆನಿಸಿದಾಗ ನಿಲ್ಲಿಸಿದ. ಉಪ್ಪಿನ ಡಬ್ಬಿಗೆ ಕೈ ಹಾಕಿದಾಗ ಮಾತ್ರ ಬೆವರಿದ. ಹಾಕಿದ ಮೇಲೆ ಆಕಸ್ಮಿಕಕ್ಕೆ ಕಾಯದೆ, ಚಮಚದಲ್ಲಿ ಸೂಪು ತೆಗೆದು, ಊದಿ, ರಾಜಾರೋಷವಾಗಿ ಬಾಯಿಗಿಟ್ಟುಕೊಂಡ. ಇನ್ನೊಂದು ಚಮಚ ಮಗಳಿಗೆ ಕೊಟ್ಟ.

“ಹ್ಯಾಗಿದೆ?”

“ಇನ್ನೊಂದ್ ಚಮಚ ಕೊಡು, ಹೇಳ್ತೀನಿ,” ಎಂದಳು ಅವಳು. ಹೀಗೆ ಐದು ಚಮಚ ಹೇಳಿಸಿಕೊಂಡಳು.

ದೊಡ್ಡಮ್ಮ ಬಂದರು. ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತರು. ಈ ಸಲ ನೀರು ತರಲು ಅವನನ್ನು ಕಳಿಸಲಿಲ್ಲ. ತಲೆ ಎತ್ತದೆ ತಿಂದರು, ಬ್ರೆಡ್ಡಿನ ತುಂಡಿನಿಂದ ತಟ್ಟೆಯ ಅಂಚನ್ನೂ ಒರೆಸಿ ತಿಂದರು. ತಟ್ಟೆ ತೊಳೆದಿಟ್ಟ ಹಾಗಿತ್ತು. ತೂಗುವ ಪ್ರಶ್ನೆಯೇ ಬರಲಿಲ್ಲ. ಇನ್ಸ್‌ಪೆಕ್ಟರ್ ಸಂತೋಷದಲ್ಲಿ ಕೈ ಎಲ್ಲಿಡಬೇಕೋ ತಿಳಿಯದೆ, ಎದ್ದು ನಿಂತು ಮತ್ತೆ ಕೂತ.

ಕೈ ತೊಳೆಯಲು ಅಡುಗೆಮನೆಗೆ ಹೋದ ದೊಡ್ಡಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಬಂದಾಗ ಅವರ ಮುಖ ಕೆಂಪಾಗಿತ್ತು.

“ಗೋಡೆ ಮೇಲೆ ಅದೇನದು, ನಿಮ್ಮ ಮೇಲೆ ನೀವೇ ಕೇಸ್ ಹಾಕ್ಕೊಂಡಿದೀರಲ್ಲ?”

“ತಕ್ಕಡಿ ಸುಳ್ಳು ಹೇಳ್ತಿತ್ತು ಅಕ್ಕ. ಮುಚ್ಚಿಡೋದು ಸರಿಯಲ್ಲ ಅಂತ.”

ದೊಡ್ಡಮ್ಮ ಕುರ್ಚಿಯಲ್ಲಿ ಕೂತು, ಚೀಲಕ್ಕೆ ಕೈ ಹಾಕಿ, ಬಿಗಿ ಮುಚ್ಚಳದ ಒಂದು ದೊಡ್ಡ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು.

“ಹಾಗಾದ್ರೆ ನನ್ನ ಮೇಲೂ ಒಂದು ಬರ್ಕೊಳ್ಳಿ. ಮೂರನೇ ವಾರದಿಂದ ನಿಮ್ಮನ್ನ ನೀರಿಗೆ ಕಳಿಸಿ ತಟ್ಟೇಲಿರೋದನ್ನ ಇದಕ್ಕೆ ಸುರ್ಕೊಂಡಿದೀನಿ. ಮೊದಲೆಲ್ಲ ದಾರೀಲಿ ಚೆಲ್ತಿದ್ದೆ. ಒಂಬತ್ತನೇ ವಾರದಿಂದ ಚೆಲ್ಲೋಕೆ ಮನಸ್ಸು ಬರ್ಲಿಲ್ಲ, ರೂಮಿಗೆ ಹೋಗಿ ಬಿಸಿ ಮಾಡ್ಕೊಂಡು ತಿಂದೆ. ಇವತ್ತು ಡಬ್ಬಿ ಇದೆ ಅನ್ನೋದೇ ಮರೆತುಹೋಯ್ತು.”

“ಯಾಕಕ್ಕ?” ಎಂದ ಅವನು.

“ಯಾಕೆ ಅಂದ್ರೆ ಏನು ಹೇಳ್ಲಿ. ನಾನು ನಿಜವಾಗ್ಲೂ ಮಗೂನ ಕರ್ಕೊಂಡು ಹೋಗೋಕೇ ಬಂದಿದ್ದು. ಎರಡನೇ ವಾರ ನೀವು ಬಾಗಿಲ ಹಿಂದೆ ನಿಂತು ನನ್ನ ಎಂಜಲು ತಟ್ಟೆ ತೂಗ್ತಿದ್ರಿ. ‘ಹದಿನೇಳು ಗ್ರಾಂ ಜಾಸ್ತಿ ತಿಂದಿದಾರೆ ಪುಟ್ಟ, ಹದಿನೇಳು’ ಅಂತ ಇವಳಿಗೆ ಹೇಳಿದ್ರಿ. ಆ ದನಿ ಕೇಳಿದ ಮೇಲೆ ನನ್ನ ಕೈಲಿ ಆಗ್ಲಿಲ್ಲ.”

ಇನ್ಸ್‌ಪೆಕ್ಟರ್ ಮಗಳ ಕಡೆ ತಿರುಗಿದ. ಅವಳು ಮೇಜಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ನಿಂಗೂ ಗೊತ್ತಿತ್ತಾ?”

“ಡಬ್ಬಿ ಮುಚ್ಚಳ ನಾನೇ ಹಾಕ್ತಿದ್ದೆ,” ಎಂದಳು ಚಟಾಕು. “ನಂಗೆ ಇಲ್ಲೇ ಇರ್ಬೇಕಿತ್ತು ಅಪ್ಪ.”

ಅವನಿಗೆ ಸಿಟ್ಟು ಬರಲಿಲ್ಲ. ಬಂದದ್ದು ನಾಚಿಕೆ, ಅದರ ಹಿಂದೆಯೇ ಭಯ. ಹನ್ನೊಂದು ವಾರ ಗೋಡೆಯ ಮೇಲೆ ಇಳಿದ ಗೆರೆ ಸುಳ್ಳು. ತಕ್ಕಡಿ ಸುಳ್ಳು, ತಟ್ಟೆಯೂ ಸುಳ್ಳು. ಇವತ್ತಿನ ಒಂದು ತಟ್ಟೆ ನಿಜ. ಆದರೆ ಕಾಗದದಲ್ಲಿದ್ದದ್ದು ನಾಲ್ಕು ತಟ್ಟೆ. ಬೇರೆ ಯಾರ ಮನೆಯಲ್ಲಾದರೂ ಈ ಹೊತ್ತಿಗೆ ಎಲ್ಲರೂ ನಕ್ಕು, ಕಣ್ಣೊರೆಸಿಕೊಂಡು, ಇನ್ನೊಂದು ಬಟ್ಟಲು ಸೂಪು ಕುಡಿಯುತ್ತಿದ್ದರು. ಈ ಮನುಷ್ಯ ಎದ್ದು ಮಲಗುವ ಕೋಣೆಗೆ ಹೋದ. ಕಪಾಟು ತೆರೆದ ಸದ್ದು ಕೇಳಿತು. ಇಬ್ಬರೂ ಹಿಂದೆ ಹೋಗಿ ನೋಡಿದರೆ, ಚಟಾಕುವಿನ ಫ್ರಾಕುಗಳನ್ನು ಮಡಚಿ ಮಡಚಿ ಸೂಟ್‌ಕೇಸಿಗೆ ಇಡುತ್ತಿದ್ದ. ಕಣ್ಣಿಂದ ನೀರು ಸುರಿದು ಫ್ರಾಕಿನ ಮೇಲೆ ಬೀಳುತ್ತಿತ್ತು, ಒದ್ದೆಯಾದದ್ದನ್ನು ತೆಗೆದು ಬೇರೆ ಇಡುತ್ತಿದ್ದ.

“ನಿಮಗೇನು ತಲೆ ಕೆಟ್ಟಿದೆಯಾ?” ಎಂದರು ದೊಡ್ಡಮ್ಮ. “ಇವತ್ತಿನ ಊಟ ನಾನು ತಿಂದಿದ್ದು ಸುಳ್ಳಾ?”

“ಅದು ಒಂದೇ ವಾರ ಅಕ್ಕ. ಸಹಿ ಹಾಕಿದೀನಿ. ಚಿಕ್ಕಪ್ಪನ ಗಿರಣಿಗೆ ಬೀಗ ಹಾಕಿದವನು ನಾನು. ಬೇರೆಯವರಿಗೆ ಒಂದು, ನನಗೆ ಒಂದು ಅಂತ ಹ್ಯಾಗೆ ಮಾಡ್ಲಿ.”

ನೂರ ನಲವತ್ತು ಹುಡುಗಿಯರನ್ನು ಕಣ್ಣಲ್ಲೇ ಕೂರಿಸುವ ದೊಡ್ಡಮ್ಮ ಕೈ ಚೆಲ್ಲಿ ಮಂಚದ ಮೇಲೆ ಕೂತರು. ಅಷ್ಟರಲ್ಲಿ ಚಟಾಕು ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಏನೋ ಹುಡುಕುವ ಸದ್ದಾಯಿತು. ಬಂದಾಗ ಅವಳ ಕೈಯಲ್ಲಿ ನಿನ್ನೆ ಉಳಿದಿದ್ದ ದಾರ, ಶಾಲೆಯ ಪುಸ್ತಕದಿಂದ ಹರಿದ ಒಂದು ಚೂರು ಹಾಳೆ, ಪೆನ್ನು ಇದ್ದವು.

“ಅಪ್ಪ, ಷರತ್ತು ಏಳು ಹೇಳ್ಲಾ?”

ಅವನು ಕೈಯಲ್ಲಿದ್ದ ಫ್ರಾಕು ಹಿಡಿದುಕೊಂಡೇ ನಿಂತ. ಅವಳು ಕಣ್ಣು ಮುಚ್ಚಿ, ಪದ್ಯ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದಳು.

“ತಕ್ಕಡಿಯೇ ದೋಷಯುಕ್ತವೆಂದು ಕಂಡುಬಂದಲ್ಲಿ ಸದರಿ ಪರೀಕ್ಷೆ ಅಸಿಂಧುವಾಗತಕ್ಕದ್ದು. ಅಂಥ ಸಂದರ್ಭದಲ್ಲಿ ಮೊದಲಿನಿಂದ ಮರುಪರೀಕ್ಷೆ ನಡೆಸತಕ್ಕದ್ದು. ಮರುಪರೀಕ್ಷೆ ಮುಗಿಯುವವರೆಗೆ ಸದರಿ ವಸ್ತುವು ಎಲ್ಲಿ ಇತ್ತೋ ಅಲ್ಲಿಯೇ, ಯಾರ ವಶದಲ್ಲಿ ಇತ್ತೋ ಅವರ ವಶದಲ್ಲಿಯೇ ಇರತಕ್ಕದ್ದು. ಅದನ್ನು ಬೇರೆಡೆಗೆ ಸಾಗಿಸುವುದು ಅಪರಾಧ.” ಕಣ್ಣು ಬಿಟ್ಟಳು. “ಹನ್ನೊಂದು ಸಲ ಬರೆದಿದೀನಿ. ವಸ್ತು ಅಂದ್ರೆ ನಾನು.”

ಇನ್ಸ್‌ಪೆಕ್ಟರ್ ತುಟಿಯಲ್ಲೇ ಷರತ್ತು ಏಳನ್ನು ಇನ್ನೊಮ್ಮೆ ಓದಿಕೊಂಡ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅದರೊಳಗೆ ಒಂದು ಬಿರುಕನ್ನೂ ಕಂಡವನಲ್ಲ.

“ಮೊದಲಿನಿಂದ ಅಂದ್ರೆ ಮತ್ತೆ ಹನ್ನೆರಡು ಭಾನುವಾರ,” ಎಂದ ನಿಧಾನವಾಗಿ.

“ಆಗ್ಲಿ,” ಎಂದರು ದೊಡ್ಡಮ್ಮ. “ಅದರಲ್ಲೂ ಏನಾದ್ರೂ ಮೋಸ ಕಂಡುಬಂದ್ರೆ ಇನ್ನೂ ಹನ್ನೆರಡು. ನನ್ನನ್ನ ನಂಬೋ ಹಾಗಿಲ್ಲ.”

ಚಟಾಕು ಅಪ್ಪನ ಮುಂದೆ ಬಂದು ಬಲಗೈ ಚಾಚಿದಳು. ಅವನು ಮಂಡಿಯೂರಿ ಕೂತು, ಹಾಳೆಯ ಚೂರನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ. ವಸ್ತು: ಚಟಾಕು. ಯಾರ ವಶದಲ್ಲಿ: ಅಪ್ಪ. ಎಲ್ಲಿ: ಈ ಮನೆ. ತೂಕ ಎನ್ನುವ ಕಡೆ ಬಂದಾಗ ಪೆನ್ನು ನಿಂತಿತು. ಇಲಾಖೆಯ ಕಲ್ಲುಗಳ ಪೆಟ್ಟಿಗೆ ಇನ್ನೂ ಮನೆಯಲ್ಲೇ ಇತ್ತು, ಪಕ್ಕದ ಕೋಣೆಯಲ್ಲಿ, ಬಾಗಿಲ ಹತ್ತಿರವೇ. ಅವನು ಆ ಕಡೆ ಒಮ್ಮೆ ನೋಡಿದ. ಆಮೇಲೆ ಮಗಳ ಮುಖ ನೋಡಿದ, ಈ ಸಲ ಚೀಟಿಗಿಂತ ಮೊದಲು, ತುಂಬಾ ಹೊತ್ತು.

ತೂಕದ ಮುಂದೆ ‘ತಕ್ಕಷ್ಟು’ ಎಂದು ಬರೆದು, ಸಹಿ ಹಾಕಿ, ಅವಳ ಮಣಿಕಟ್ಟಿಗೆ ಕಟ್ಟಿದ. ಸಾಕ್ಷಿಯ ಜಾಗದಲ್ಲಿ ದೊಡ್ಡಮ್ಮ ಸಹಿ ಮಾಡಿ, ಮೂಗು ಒರೆಸಿಕೊಂಡು, ಪಾತ್ರೆಯಲ್ಲಿ ಉಳಿದಿದ್ದನ್ನು ಡಬ್ಬಿಗೆ ಹಾಕಿಕೊಡಲು ಹೇಳಿದರು.